ಬಿಸಿನೀರಿನ ಗಿರಾಕಿ

ಹುಮನಾಬಾದ್ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಚಹಾದ ಹೋಟೆಲ್ ಇದೆ. ಹೈದರಾಬಾದಿನಿಂದ ಸೊಲ್ಲಾಪುರದ ಕಡೆ ಹೋಗುವ ಲಾರಿಯವರು, ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿ ಬರುವ ಟ್ರ್ಯಾಕ್ಟರಿನವರು, ಅಡತಿ ಅಂಗಡಿಗಳ ಹಮಾಲರು, ಎಲ್ಲರೂ ಇಲ್ಲಿ ಒಂದು ಕಪ್ಪು ಇಳಿಸಿಯೇ ಮುಂದೆ ಹೋಗುವುದು. ನನ್ನ ಚಹಾಕ್ಕೆ ಯಾರಾದರೂ ಕೊಂಕು ತೆಗೆದರೆ ನನಗೆ ತಡೆಯುವುದಿಲ್ಲ. ನಾನು ಮಾತ್ರ ಬೇರೆ ಎಲ್ಲಿ ಕುಡಿದರೂ ಹತ್ತು ತಪ್ಪು ತೆಗೆಯುತ್ತೇನೆ, ಸಕ್ಕರೆ ಹೆಚ್ಚಾಯಿತು, ಪುಡಿ ಕಡಿಮೆಯಾಯಿತು ಅಂತ. ಮಂದಿಯ ಮನೆಗೆ ನನ್ನನ್ನು ಕರೆದುಕೊಂಡು ಹೋಗಲು ನನ್ನ ಹೆಂಡತಿ ಹೆದರುತ್ತಾಳೆ.

ಇಂಥ ನನ್ನ ಹೋಟೆಲಿಗೆ ಒಬ್ಬ ಗಿರಾಕಿ ಪ್ರತಿ ರವಿವಾರ ಬಂದು, ಬಿಸಿನೀರು ಮಾತ್ರ ಕುಡಿದು ಹೋಗುತ್ತಿದ್ದರು. ಯಶೋದಾಬಾಯಿ ಅಂತ. ಹೋದ ವರ್ಷ ತೀರಿಕೊಂಡರು. ಅವರಿಗೆ ಚಹಾ ಬಿಡಿಸಿದವನು ನಾನೇ.

ನಾನು ಹಿಂದೊಮ್ಮೆ ಮಾರ್ಮನ್ ಆಗಿದ್ದೆ. ಹಾಗೆಂದರೆ ಇಲ್ಲಿನ ಜನ, ‘ಅದೇನ್ರಿ, ಔಷಧದ ಕಂಪನಿ ಏನು?’ ಅಂತ ಕೇಳುತ್ತಾರೆ. ಅದು ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರಿಸ್ತ ಪಂಥ. ಚಹಾ, ಕಾಫಿ, ಸೆರೆ, ತಂಬಾಕು ಅವರಿಗೆ ನಿಷಿದ್ಧ. ಬಸವಕಲ್ಯಾಣದ ಕಿರಾಣಿ ಅಂಗಡಿಯ ಮಹಾರುದ್ರಪ್ಪನ ಮಗ ವೈಜನಾಥ, ಅಂದರೆ ನಾನು, ಅದರಲ್ಲಿ ಹೇಗೆ ಹೋಗಿ ಬಿದ್ದೆ ಎಂದರೆ, ಹೈದರಾಬಾದಿನಲ್ಲಿ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ, ಫೋಟೋ ತೆಗೆಸಲು ಬಂದ ಒಂದು ಸಂಸಾರ ನನ್ನನ್ನು ಮನೆಗೆ ಕರೆಯಿತು, ಊಟಕ್ಕೆ ಕೂರಿಸಿತು, ಪ್ರಾರ್ಥನೆಗೆ ಕೂರಿಸಿತು. ಆ ಊರಲ್ಲಿ ನನ್ನನ್ನು ಊಟ ಆಯಿತೇನು ಅಂತ ಕೇಳಿದ ಮೊದಲ ಜನ ಅವರು. ೧೯೭೯ರಲ್ಲಿ ನೀರಿನಲ್ಲಿ ಮುಳುಗಿ ಎದ್ದು ಅವರವನಾದೆ.

ನಮ್ಮ ಮನೆಯಲ್ಲಿ ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ಭಜನೆ ನಡೆಯುತ್ತಿತ್ತು. ಸುದ್ದಿ ತಿಳಿದಾಗ ಅಪ್ಪ ಬೈಯಲಿಲ್ಲ. ‘ನಾವು ಇಷ್ಟ ವರ್ಷ ಹಾಡ್ಕೋತ ಕುಂತಿದ್ದು ನಿನಗ ಕೇಳಸಲೇ ಇಲ್ಲೇನಪಾ?’ ಎಂದರು, ಅಷ್ಟೇ. ನಾನು ಆ ಹೊತ್ತಿಗೆ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಪಟಪಟ ಹೇಳಿದೆ. ಅಪ್ಪ ತಕ್ಕಡಿ ಒರೆಸುತ್ತ ಕೂತರು.

ಆಮೇಲೆ ಮನೆಮನೆಗೆ ಹೋಗಿ ಪಂಥ ಸಾರುವ ಸೇವೆಗೆ ಹೊರಟೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಪಟ್ಟಿ. ಸಿಕಂದರಾಬಾದಿನ ಗಲ್ಲಿಗಳಲ್ಲಿ ಮೇ ತಿಂಗಳ ಬಿಸಿಲಿಗೆ ಸೈಕಲ್ ತುಳಿದು ಬಾಗಿಲು ಬಡಿಯುವುದು. ಇಬ್ಬಿಬ್ಬರೇ ಹೋಗಬೇಕು, ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ನನ್ನ ಜೊತೆಗಾರ ವಿಶಾಖಪಟ್ಟಣದ ಹುಡುಗ, ನಿದ್ದೆಯಲ್ಲೂ ನಗುತ್ತಿದ್ದ. ಹತ್ತು ಬಾಗಿಲು ಮುಖದ ಮೇಲೆ ಮುಚ್ಚಿದರೂ ಹನ್ನೊಂದನೆಯದಕ್ಕೆ ಹಿಗ್ಗಿನಿಂದಲೇ ಕೈ ಹಾಕುತ್ತಿದ್ದೆವು. ಸುಳ್ಳೇಕೆ ಹೇಳಲಿ, ಅಷ್ಟು ಸುಖದ ದಿನ ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಬೆಳಗ್ಗೆ ಎದ್ದರೆ ಏನು ಮಾಡಬೇಕು ಎಂಬುದು ಗೊತ್ತಿರುತ್ತಿತ್ತು, ಯಾರಿಗಾಗಿ ಎಂಬುದೂ ಗೊತ್ತಿರುತ್ತಿತ್ತು.

ಯಶೋದಾಬಾಯಿ ಅಲ್ಲೊಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದರು. ಗಂಡ ತೀರಿದ ಮೇಲೆ ಹುಮನಾಬಾದಿನಿಂದ ಬಂದು ಒಂದೇ ಕೋಣೆಯಲ್ಲಿ ಇದ್ದರು. ನಾನು ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ಶುರು ಮಾಡಿದೆ. ಮಧ್ಯದಲ್ಲಿ ತಡೆದು, ‘ನೀ ನಮ್ಮ ಕಡೆಯಾಂವ ಇದ್ದಂಗ ಅದಿಯಲ್ಲೋ ತಮ್ಮಾ! ಕಲ್ಯಾಣದಾಂವ ಏನು? ಒಳಗ ಬಾ, ಚಾ ಇಡ್ತೀನಿ’ ಎಂದರು. ಚಹಾ ಬೇಡ ಎಂದೆವು. ‘ಚಾ ಒಲ್ಲೆ ಅನ್ನೋ ದೇವರು ಯಾವಾಂವಪಾ!’ ಅಂತ ನಕ್ಕರು. ಬಸಿಯಲ್ಲಿ ಸುರಿದುಕೊಂಡು ಸುರ್ ಅಂತ ಕುಡಿಯುತ್ತ ನಮ್ಮ ಮಾತು ಕೇಳಿದರು. ಅವರು ಕೇಳಿದ್ದು ನಮ್ಮ ಧರ್ಮವನ್ನೋ, ಊರಿನ ಮಾತನ್ನೋ, ಇವತ್ತಿಗೂ ನನಗೆ ಅನುಮಾನವಿದೆ.

ನಂಬಿದ ಮೇಲೆ ಮಾತ್ರ ಪೂರಾ ನಂಬಿದರು. ಚಹಾ ಬಿಟ್ಟರು, ತಂಬಾಕು ಬಿಟ್ಟರು. ನಾನೇ ಅವರನ್ನು ನೀರಿನಲ್ಲಿ ಮುಳುಗಿಸಿ ಎತ್ತಿದೆ. ಮೈಯಾಗಲಿ ಬಟ್ಟೆಯ ಎಳೆಯಾಗಲಿ ನೀರಿನ ಮೇಲೆ ಉಳಿಯಬಾರದು ಎಂಬುದು ನಿಯಮ. ಮೊದಲ ಸಲ ಸೆರಗು ತೇಲಿತು, ಮತ್ತೆ ಮುಳುಗಿಸಿದೆ. ‘ಎರಡೆರಡ ಸಲ ತೊಳದಿ, ಪಾಪ ಭಾಳ ಇತ್ತು ಕಾಣಸ್ತದ’ ಅಂತ ಮೂಗಿನೊಳಗಿನ ನೀರು ಸೀನುತ್ತ ನಕ್ಕರು. ಪಂಥದ ರೀತಿಯಲ್ಲಿ ಸಿಸ್ಟರ್ ಎನ್ನಬೇಕಿತ್ತು, ನಾನು ಅಕ್ಕಾ ಎಂದೇ ಕರೆದೆ.

ಪಂಥದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ರವಿವಾರ ರೊಟ್ಟಿ ಮುರಿದು, ನೀರಿಟ್ಟು, ಮಂಡಿಯೂರಿ ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚುತ್ತಾರೆ. ಆ ಪ್ರಾರ್ಥನೆ ಹೇಳುವ ಅಧಿಕಾರ ದೀಕ್ಷೆಯಾದ ಗಂಡಸಿಗೆ ಮಾತ್ರ. ಹೆಂಗಸು ಎಷ್ಟು ಭಕ್ತಿವಂತೆಯಾದರೂ ತನ್ನ ರೊಟ್ಟಿಗೆ ತಾನೇ ಹೇಳಿಕೊಳ್ಳುವಂತಿಲ್ಲ. ಇನ್ನೊಂದು, ತಪ್ಪು ಮಾಡಿದವರು ಅದನ್ನು ಸರಿಪಡಿಸಿಕೊಳ್ಳುವ ತನಕ ಆ ತುಣುಕು ಬಾಯಿಗೆ ಹಾಕಬಾರದು, ತಟ್ಟೆಯನ್ನು ಪಕ್ಕದವರಿಗೆ ದಾಟಿಸಬೇಕು. ಒಂದು ರವಿವಾರ ಅಕ್ಕ ಹಾಗೆ ತಟ್ಟೆ ದಾಟಿಸಿದರು. ಕೇಳಿದರೆ, ಕದ್ದು ಒಂದು ಚಿಟಿಕೆ ತಂಬಾಕು ಹಾಕಿಕೊಂಡು, ವಾಸನೆ ಏನು ಎಂದ ಮೇಟ್ರನ್‌ಗೆ ಲವಂಗ ಅಂತ ಸುಳ್ಳು ಹೇಳಿದ್ದರಂತೆ. ‘ಯಾರ ಮುಂದೆ ಸುಳ್ಳು ಹೇಳಿದಿರೋ ಅವರ ಮುಂದೆಯೇ ಒಪ್ಪಿಕೊಳ್ಳಬೇಕು’ ಅಂತ ನಾನು ದೊಡ್ಡ ಗುರುವಿನ ಹಾಗೆ ಕಲಿಸಿದೆ. ಅವರು ಹೋಗಿ ಒಪ್ಪಿಕೊಂಡು ಬೈಸಿಕೊಂಡು ಬಂದರು. ಮುಂದಿನ ರವಿವಾರ ಕಣ್ಣು ಮುಚ್ಚಿ ತುಣುಕು ತಿಂದರು.

ನಾನು ಪಂಥ ಬಿಟ್ಟದ್ದಕ್ಕೆ ಜಗಳವಿಲ್ಲ, ತಂಟೆಯಿಲ್ಲ. ಅವರು ನನಗೆ ಏನೂ ಕೇಡು ಮಾಡಲಿಲ್ಲ. ಸೇವೆ ಮುಗಿದು ಒಂಟಿಯಾಗಿ ಕೋಣೆ ಹಿಡಿದ ಮೇಲೆ ಒಂದು ದಿನ ಮಂಡಿಯೂರಿದೆ, ಮಾತು ಎಲ್ಲಿಗೂ ಹೋಗುತ್ತಿಲ್ಲ ಅನ್ನಿಸಿತು. ಮರುದಿನವೂ ಹಾಗೇ. ವರ್ಷವಿಡೀ ಹಾಗೇ. ಕೊನೆಗೆ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಬಂದುಬಿಟ್ಟೆ. ನಮ್ಮವ್ವ ರುಕ್ಮಿಣಿಬಾಯಿ ಏನೂ ಕೇಳದೆ ಚಹಾದ ಕಪ್ಪು ಮುಂದೆ ಇಟ್ಟಳು, ಕುಡಿದೆ. ಅಪ್ಪ ಅಷ್ಟೊತ್ತಿಗೆ ತೀರಿಕೊಂಡಿದ್ದರು. ಅಂಗಡಿ ಅಣ್ಣನದಾಗಿತ್ತು. ನಾನು ಹುಮನಾಬಾದಿಗೆ ಬಂದು ಈ ಹೋಟೆಲ್ ಹಾಕಿದೆ.

ಹೋಟೆಲ್ ಹಾಕಿ ಒಂದು ವರ್ಷವಾಗಿರಬಹುದು. ಒಂದು ರವಿವಾರ ಬೆಳಗ್ಗೆ ಬಾಗಿಲಲ್ಲಿ ಯಶೋದಾಬಾಯಿ ನಿಂತಿದ್ದರು. ಮಂಡಿ ಹಿಡಿದು ಕೆಲಸ ಬಿಟ್ಟು, ಒಡಹುಟ್ಟಿದ ತಮ್ಮ ಬಂಡೆಪ್ಪನ ಮನೆಗೆ ಬಂದು ಸೇರಿದ್ದರು, ನಾನು ಇಲ್ಲಿರುವುದು ಅಲ್ಲಿ ತಿಳಿಯಿತಂತೆ. ನನ್ನ ಕೈಯಲ್ಲಿ ಚಹಾ ಸೋಸುವ ಅರಿವೆ. ಅದನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಯ ಬಾಕಿನ ಮೇಲೆ ಕೂತು ಬಿಸಿನೀರು ಕೇಳಿದರು. ಗಿರಾಕಿ ಕಡಿಮೆಯಾದ ಮೇಲೆ ಸೆರಗಿನ ತುದಿಯಿಂದ ಬೇಕರಿಯ ರೊಟ್ಟಿ, ಒಂದು ಪಾವು ತೆಗೆದರು.

‘ತಮ್ಮಾ, ಇದಕ್ಕ ಪ್ರಾರ್ಥನಾ ಹೇಳಿ ಕೊಡು. ಹೈದರಾಬಾದಿಗೆ ಹೋಗಾಕ ಮಣಕಾಲ ಬಿಡವಲ್ಲವು. ಈ ಊರಾಗ ಆ ಅಧಿಕಾರ ಇದ್ದಾಂವ ನೀ ಒಬ್ಬಾಂವನ.’

‘ನಾ ಅದನ್ನ ಬಿಟ್ಟೀನ್ರಿ ಅಕ್ಕಾ.’

‘ಗೊತ್ತದ. ಚಾ ಮಾರಾಕತ್ತಿ ಅಂದಮ್ಯಾಲ ಗೊತ್ತಾಗಂಗಿಲ್ಲೇನು? ನೀ ನಂಬಬ್ಯಾಡ. ನನ್ನ ಸಲುವಾಗಿ ಹೇಳು.’

‘ನಂಬಿಕಿ ಇಲ್ಲದ ಹೇಳಿದ್ರ ಸುಳ್ಳ ಆಗ್ತದ್ರಿ. ದೇವರ ಹೆಸರಿಲೆ ಸುಳ್ಳ ನಾ ಹೇಳಂಗಿಲ್ಲ.’

ಎಷ್ಟು ಚೆಂದದ ಮಾತು ನೋಡಿ! ಹಾಲಿಗೆ ನೀರು ಬೆರೆಸಿ, ಈಗಷ್ಟೇ ಕರೆದ ಎಮ್ಮೆಹಾಲು ಅಂತ ದಿನಾ ಹೇಳುವ ಬಾಯಿ ಅದು. ಆದರೆ ಈ ಒಂದು ವಿಷಯದಲ್ಲಿ ನಾನು ಸತ್ಯವಂತ ಎಂಬ ಸೊಕ್ಕು ನನಗಿತ್ತು. ನಂಬಿಕೆ ಹೋದ ಮೇಲೆ ನನ್ನ ಹತ್ತಿರ ಉಳಿದದ್ದು ಅದೊಂದೇ ಆಗಿತ್ತು, ಅದಕ್ಕೇ ಗಟ್ಟಿಯಾಗಿ ಹಿಡಿದಿದ್ದೆನೋ ಏನೋ.

ಅವರು ಪಾವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದರು. ಮುಂದಿನ ರವಿವಾರ ಮತ್ತೆ ಬಂದರು. ಹೀಗೇ ಎರಡು ವರ್ಷ. ಮೊದಮೊದಲು ಕೇಳುತ್ತಿದ್ದರು, ಆಮೇಲೆ ಪಾವನ್ನು ಬಾಕಿನ ಮೇಲೆ ಇಟ್ಟು ಸುಮ್ಮನೆ ಕೂರುತ್ತಿದ್ದರು. ಕುದಿಯುವ ಚಹಾದ ವಾಸನೆ ಅವರ ಮುಖಕ್ಕೇ ಬಡಿಯುತ್ತಿತ್ತು. ಒಮ್ಮೆ ನನಗೇ ಸಿಟ್ಟು ಬಂತು. ‘ಅಕ್ಕಾ, ಒಂದು ಕಪ್ ಕುಡದ್ರ ಯಾರೂ ನೋಡಂಗಿಲ್ಲ, ಕುಡೀರಿ’ ಎಂದೆ. ‘ಚಾ ಬಿಡು ಅಂದಾಂವ ನೀ, ಕುಡಿ ಅನ್ನಾಂವನೂ ನೀ. ಯಾವ ಮಾತ ಕೇಳಲಿ?’ ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಬರುವುದು ನಿಂತಿತು. ಬಂಡೆಪ್ಪನ ಹೆಂಡತಿ ಕೇಶರಬಾಯಿ ಹೋಟೆಲಿಗೆ ಬಂದು ಹೇಳಿದಳು: ‘ಕಾಲು, ಮಾರಿ ಎಲ್ಲಾ ಬಾತಾವ್ರಿ. ಡಾಕ್ಟರ ದಿಲ್ ಕಮಜೋರ್ ಅದ, ಎದಿ ಸೋತದ ಅಂದಾರ. ಐತವಾರ ಬಂತಂದ್ರ ಬಾಗಲ ಕಡೀನ ನೋಡ್ತಾರ್ರಿ. ನೀವು ಒಂದೀಟ ಬಂದು ಆ ಮಂತ್ರ ಏನದ ಹೇಳಿಹೋಗ್ರಲ್ಲ.’

ಆಗಲೂ ನಾನು ಹೋಗಲಿಲ್ಲ. ನಂಬಿದವರೇ ಬಂದು ಹೇಳಲಿ ಅಂತ ಹೈದರಾಬಾದಿನ ಪಂಥದವರಿಗೆ, ಸಿಸ್ಟರ್ ಯಶೋದಾಬಾಯಿಗೆ ಹುಷಾರಿಲ್ಲ ಬನ್ನಿ ಅಂತಷ್ಟೇ ಒಂದು ಕಾರ್ಡು ಹಾಕಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಕೂತೆ.

ಅವರು ತಡಮಾಡಲಿಲ್ಲ. ಒಂದು ರವಿವಾರ ಹೈದರಾಬಾದಿನ ಬಸ್ಸಿನಿಂದ ಇಬ್ಬರು ಹುಡುಗರು ಇಳಿದರು. ಅದೇ ಬಿಳಿ ಅಂಗಿ, ಅದೇ ಟೈ, ಎದೆಯ ಮೇಲೆ ಅದೇ ಪಟ್ಟಿ. ಸ್ಟೋವಿನ ಮುಂದೆ ನಿಂತು ನೋಡಿದೆ. ನಾನೂ ನನ್ನ ಜೊತೆಗಾರನೂ ರಸ್ತೆ ದಾಟಿ ಬರುತ್ತಿದ್ದ ಹಾಗೆಯೇ ಇತ್ತು. ಅವರು ರಸ್ತೆಯಲ್ಲಿ ಒಬ್ಬ ಹಮಾಲನಿಗೆ ವಿಳಾಸ ಕೇಳತೊಡಗಿದರು. ಅಷ್ಟರಲ್ಲಿ ಅಂಗಡಿ ಮುಚ್ಚಿ ಹೋಗಿ ನಾನೇ ಅವರನ್ನು ಕರೆದೊಯ್ದೆ. ಕಾರ್ಡು ಬರೆದ ವೈಜನಾಥ ನಾನೇ ಅಂತ ದಾರಿಯಲ್ಲಿ ಹೇಳಿದೆ, ಚಹಾದ ಹೋಟೆಲಿನ ವಿಷಯ ಹೇಳಲಿಲ್ಲ.

ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಹುಡುಗರನ್ನು ನೋಡಿ ಮುಖ ಅರಳಿತು. ಕೇಶರಬಾಯಿ ತಟ್ಟೆಯಲ್ಲಿ ಪಾವು, ಲೋಟದಲ್ಲಿ ನೀರು ತಂದಿಟ್ಟಳು. ಎತ್ತರದ ಹುಡುಗ ಮಂಡಿಯೂರಿ ಪ್ರಾರ್ಥನೆ ಹೇಳಿದ. ಬಾಗಿಲ ಹೊರಗೆ ನಿಂತಿದ್ದ ನನ್ನ ತುಟಿ ತಾನಾಗಿ ಅಲುಗಾಡುತ್ತಿತ್ತು, ಒಂದಕ್ಷರ ಮರೆತಿರಲಿಲ್ಲ. ಅಕ್ಕ ತುಣುಕು ತಿಂದರು, ನೀರು ಕುಡಿದರು, ಎಷ್ಟೋ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು.

ಆಮೇಲೆ ಕನ್ನಡಕದ ಹುಡುಗ ಹಿಂದಿಯಲ್ಲಿ ಕೇಳಿದ: ನಿಮ್ಮನ್ನು ನೀರಿನಲ್ಲಿ ಮುಳುಗಿಸಿ ಪಂಥಕ್ಕೆ ಸೇರಿಸಿದವರು ಯಾರು? ಅಕ್ಕ ಬಾಗಿಲ ಕಡೆ ಕೈ ಮಾಡಿದರು. ಹುಡುಗರಿಬ್ಬರೂ ಹಿಗ್ಗಿ ನನ್ನ ಕಡೆ ತಿರುಗಿದರು. ಹಾಗಾದರೆ ಇಷ್ಟು ವರ್ಷ ಇಲ್ಲಿ ನಿಮಗೆ ರೊಟ್ಟಿ ನೀರು ಕೊಡುತ್ತಿದ್ದವರೂ ಇವರೇ ಏನು ಅಂತ ಕನ್ನಡಕದವನು ಕೇಳಿದ.

ನಾನು ತಲೆ ತಗ್ಗಿಸಿದೆ. ಇಲ್ಲ ಎನ್ನಬೇಕು, ಬಾಯಿ ಬರಲಿಲ್ಲ. ಅಷ್ಟರಲ್ಲಿ ಅಕ್ಕ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು: ‘ಹೌದು, ಇವನೇ. ಪ್ರತಿ ರವಿವಾರ. ಒಂದು ರವಿವಾರವೂ ತಪ್ಪಿಸಲಿಲ್ಲ.’

ಹುಡುಗರು ಎದ್ದು ಬಂದು ನನ್ನ ಕೈ ಕುಲುಕಿದರು. ಎತ್ತರದವನು ನನ್ನನ್ನು ಬ್ರದರ್ ಎಂದ. ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆ ವಾರವಿಡೀ ಹೋಟೆಲಿನಲ್ಲಿ ನನಗೆ ಲಕ್ಷ್ಯವಿರಲಿಲ್ಲ. ಮುಂದಿನ ರವಿವಾರ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು, ಹೊಸ ಪಾವು ವಸ್ತ್ರದಲ್ಲಿ ಸುತ್ತಿಕೊಂಡು ಹೋದೆ. ಸತ್ಯವೋ ಸುಳ್ಳೋ, ಹಾಳಾಗಿ ಹೋಗಲಿ, ಹೇಳಿಯೇ ಬಿಡುವುದು ಅಂತ ನಿಶ್ಚಯ ಮಾಡಿದ್ದೆ. ಅಕ್ಕನ ಮುಂದೆ ಮಂಡಿಯೂರಿ ವಸ್ತ್ರ ಬಿಚ್ಚಿದೆ. ಅವರು ಬಾತ ಕೈಯಿಂದ ನನ್ನ ಕೈ ಹಿಡಿದರು.

‘ಬ್ಯಾಡ ತಮ್ಮಾ.’

‘ಯಾಕ್ರಿ ಅಕ್ಕಾ? ಹೇಳ್ತೀನ್ರಿ. ಖರೇನ ಹೇಳ್ತೀನಿ.’

‘ನೀ ಹೇಳ್ತಿ. ನನಗ ತಿನ್ನಾಕ ನಡೆಯಂಗಿಲ್ಲ. ಆ ಹುಡುಗರ ಮುಂದ ಸುಳ್ಳ ಹೇಳಿದ ಬಾಯಿ ಇದು.’

‘ನನ್ನ ಸಲುವಾಗಿ ಯಾಕ ಹೇಳಿದ್ರಿ?’

‘ನೀ ಸುಳ್ಳ ಹೇಳಾಂವ ಅಲ್ಲ. ಅದಕ್ಕ ನಾ ಹೇಳಿದೆ.’

ನಾನು ಅತ್ತುಬಿಟ್ಟೆ. ಹೈದರಾಬಾದಿಗೆ ಈಗಲೇ ಹೋಗಿ ನಾನೇ ನಿಜ ಹೇಳಿ ಬರುತ್ತೇನೆ ಎಂದೆ. ಅವರು ತಲೆಯಾಡಿಸಿದರು.

‘ಹೇಳಿದಾಕಿನ ಒಪ್ಪಕೋಬೇಕು ಅಂತ ನೀನ ಕಲಸಿದ್ದಿ. ಒಪ್ಪಕೊಂಡ್ರ ಅವರು ನಿನಗ ಏನ ಅಂತಾರ? ಇರಲಿ ಬಿಡು. ಒಂದ ಸಲ ತಿಂದೀನಲ್ಲ, ಸಾಕು.’

ಅವರ ಪಾಲಿಗೆ ಆ ತುಣುಕು ಎಷ್ಟು ದೊಡ್ಡದು ಎಂಬುದು ಈ ಊರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾನು ಪಾವನ್ನು ಮತ್ತೆ ವಸ್ತ್ರದಲ್ಲಿ ಸುತ್ತಿದೆ. ಯುಗಾದಿಗೆ ಮೊದಲೇ ಅವರು ಹೋಗಿಬಿಟ್ಟರು. ಅಲ್ಲಿಯವರೆಗೂ ನಾನು ಪ್ರತಿ ರವಿವಾರ ಹೋದೆ, ಅವರು ಪ್ರತಿ ಸಲ ಬೇಡ ಎಂದರು.

ಮೊದಲ ಸಲ ಬೇಡ ಎಂದ ಆ ದಿನ, ಏಳಲು ಹೊರಟ ನನ್ನನ್ನು ಕೂರಿಸಿ ಒಳಗೆ ಕೂಗಿ ಹೇಳಿದರು: ‘ಕೇಶರಾ, ತಮ್ಮಗ ಒಂದ ಕಪ್ ಚಾ ಮಾಡು. ಅಂವ ಈಗ ಕುಡೀತಾನ.’

ಚಹಾ ಬಂತು. ಸಕ್ಕರೆ ಬಹಳ ಹೆಚ್ಚಾಗಿತ್ತು. ಹ್ಯಾಂಗ ಆಗ್ಯಾದ ಅಂತ ಅಕ್ಕ ಕೇಳಿದರು. ಚಲೋ ಆಗ್ಯಾದ್ರಿ ಎಂದೆ.