ಅಮಾವಾಸ್ಯೆಗೆ ಒಂಬತ್ತು ಹಾಡು

ಆಗ ತಮಿಳು ಸೀಮೆಯ ಸೋಮನೂರಿನಲ್ಲಿ ಮನೆಗಳಿಗಿಂತ ಮಗ್ಗಗಳೇ, ಅಲ್ಲಿಯವರ ಬಾಯಲ್ಲಿ ‘ತರಿ’ಗಳೇ, ಹೆಚ್ಚು. ಕಾಗೆಗಳೂ ಕಿರುಚಿಯೇ ಮಾತಾಡಬೇಕಿತ್ತು. ೨೦೦೭ರಲ್ಲಿ ಅಲ್ಲಿನ ಹಳೇ ನೇಕಾರಗಿತ್ತಿ ನಾಚಿಯಮ್ಮನ ಮೊಮ್ಮಗ ಮೋಹನ್ ರಾಜ್ ಇಬ್ಬರು ಕಾಲೇಜು ಗೆಳೆಯರನ್ನು ಸೇರಿಸಿಕೊಂಡು ಪಂಕ್ ಬ್ಯಾಂಡ್ ಕಟ್ಟಿದ. ಡ್ರಮ್ಮು ಅವನದು. ಗಿಟಾರು, ಮೈಸೂರು ಕಡೆಯಿಂದ ಓದಲು ಬಂದಿದ್ದ ಯಶ್ವಂತನದು. ಹಾಡುವವಳು ಕಲೈಸೆಲ್ವಿ, ಅವಳು ಬಾಯಿ ತೆರೆದರೆ ಈರೋಡಿನ ರೈಲು ಬಂತೆಂದು ಜನ ಗಂಟು ಎತ್ತಿಕೊಳ್ಳುತ್ತಿದ್ದರು.

ನಾಚಿಯಮ್ಮನ ಮಗ್ಗದ ಕೊಟ್ಟಿಗೆಯಲ್ಲೇ ಅಭ್ಯಾಸ ಮಾಡಿ, ಮೊದಲ ಆಲ್ಬಮ್ಮಿಗೆ ಒಂಬತ್ತು ಹಾಡು ಸಿದ್ಧಮಾಡಿದರು. ರೆಕಾರ್ಡಿಂಗಿಗೆ ಮಾತ್ರ ನಿಶ್ಶಬ್ದ ಬೇಕಲ್ಲ. ಕನ್ನಡಕ್ಕೆ ತಮಿಳು ಬೆರೆಸಿ ಆಡುವ ಆ ನೇಕಾರರ ಊರಿನಲ್ಲಿ ಅದು ಸಿಗುವುದು ತಿಂಗಳಿಗೊಮ್ಮೆ, ಅಮಾವಾಸ್ಯೆಗೆ. ಅವತ್ತು ಯಾರೂ ಮಗ್ಗ ಮುಟ್ಟುವುದಿಲ್ಲ. ಯಶ್ವಂತ ಪೋತ್ತನೂರಿನ ಸ್ನೇಹಿತನಿಂದ ರೆಕಾರ್ಡಿಂಗ್ ಯಂತ್ರ ಕೇಳಿ ತಂದ. ಹಿಂದಿರುಗಿಸಲು ಸಂಜೆ ಐದರ ರೈಲು ಹಿಡಿಯಲೇಬೇಕು. ಮುಂದಿನ ವಾರ ಯಶ್ವಂತ ಓದು ಮುಗಿಸಿ ಊರಿಗೆ ಹೊರಡುವವನು. ಇವತ್ತು ಆಗದಿದ್ದರೆ ಆಲ್ಬಮ್ಮೇ ಇಲ್ಲ.

ಅಂದು ಇರುವೆ ಸೀನಿದರೂ ಕೇಳುವಷ್ಟು ಮೌನ. ಮೋಹನ್ ಕೋಲೆತ್ತಿದ. ಮೊದಲ ಹಾಡು ಎಡವಿ ಬಿತ್ತು. ಎರಡನೆಯದು ಬಸುರಿ ಎಮ್ಮೆಯಂತೆ ನಡೆಯಿತು. ಮೂರನೆಯದು ನಾಯಿ ಅಟ್ಟಿಸಿಕೊಂಡು ಬಂದಂತೆ ಓಡಿತು. ಹನ್ನೆರಡಾದರೂ ಒಂದೂ ಮುಗಿಯಲಿಲ್ಲ.

“ನಿನ್ನೆ ತನಕ ಚೆನ್ನಾಗೇ ಬಾರಿಸ್ತಿದ್ದೆಯಲ್ಲೋ!” ಎಂದ ಯಶ್ವಂತ.

“ತೆರಿಯಲೆಡಾ, ಗೊತ್ತಾಗ್ತಿಲ್ಲ. ಕೈ ತಪ್ಪೋಗುತ್ತೆ,” ಎಂದ ಮೋಹನ್. ಅವನ ಕಣ್ಣು ತುಂಬಿತ್ತು.

ಬಾಗಿಲಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ನಾಚಿಯಮ್ಮನಿಗೆ ಅರ್ಥವಾಯಿತು. ಮಗ್ಗದ ಪಕ್ಕದ ತೊಟ್ಟಿಲಲ್ಲಿ ಬೆಳೆದ ಕೂಸು ಇದು; ಮಗ್ಗ ನಿಂತರೆ ಎದ್ದು ಅಳುತ್ತಿತ್ತು.

“ಏನ್ಡಾ ಕಣ್ಣು, ತರಿ ಸದ್ದಿಲ್ದೆ ನಿಂಗೆ ತಾಳ ಬರಲ್ಲ, ಅಷ್ಟೇ.”

“ಹಂಗಾದ್ರೆ ತರಿ ಓಡ್ಸವ್ವಾ!”

“ಅಮಾಸೆ ದಿನವಾ? ನಿನ್ನ ತಾತ ಮೇಲಿಂದ ಇಳಿದ್ಬಂದು ನನ್ನ ಜಡೆ ಹಿಡೀತಾನೆ.”

“ಜಡೆ ಎಲ್ಲಿದೆ ಪಾಟ್ಟಿ? ನಾಲ್ಕೇ ಕೂದಲು,” ಎಂದು ಅಜ್ಜಿಯನ್ನು ಕೆಣಕಿದಳು ಕಲೈಸೆಲ್ವಿ.

“ಆ ನಾಲ್ಕನ್ನೂ ಬಿಡಲ್ಲಮ್ಮಾ ಅವನು.”

ನಾಚಿಯಮ್ಮ ನಕ್ಕಳು, ಆದರೆ ಐವತ್ತು ವರ್ಷದಲ್ಲಿ ಒಂದೇ ಒಂದು ಅಮಾವಾಸ್ಯೆಗೂ ಅವಳು ಮಗ್ಗ ಮುಟ್ಟಿದವಳಲ್ಲ. ಹುಡುಗನ ಮುಖ ನೋಡಿದಳು. ಎದ್ದು ನೇಕಾರರ ಕುಲದೇವಿ ಚೌಡೇಶ್ವರಿಯ ಪಟಕ್ಕೆ ಕರ್ಪೂರ ಹಚ್ಚಿದಳು. ಹಾಸುನೂಲು ಮುಗಿದು ಖಾಲಿ ನಿಂತಿದ್ದ ಮಗ್ಗವೊಂದರ ಲಾಳಿಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ತಾಯೀ, ನೂಲಿಲ್ಲ, ಲಾಳಿಯಿಲ್ಲ. ನಾನು ನೇಯ್ತಿಲ್ಲ, ಮರ ಕುಣೀತಿದೆ. ಕೋಪ ಬಂದ್ರೆ ನನ್ನ ಮೇಲೆ ತೀರಿಸ್ಕೋ, ಹುಡುಗನ್ನ ಬಿಡು.”

ಸ್ವಿಚ್ಚು ಒತ್ತಿದಳು. ಠಕಾ ಠಕ್, ಠಕಾ ಠಕ್. ಮೋಹನನ ಹೆಗಲು ಇಳಿಯಿತು, ಕೋಲು ಎದ್ದಿತು.

ಎದುರುಮನೆಯ ದೊಡ್ಡಯ್ಯ ಪಂಚೆ ಎತ್ತಿಕಟ್ಟಿಕೊಂಡು ಬೈಯಲು ಬಂದ. ನಾಚಿಯಮ್ಮ ಬಾಗಿಲಿಗೆ ಅಡ್ಡ ನಿಂತು ತುಟಿಗೆ ಬೆರಳಿಟ್ಟಳು. ಆರನೆಯ ಹಾಡಿನ ಹೊತ್ತಿಗೆ ಅವನ ಹೆಬ್ಬೆರಳೇ ಮಣ್ಣಲ್ಲಿ ತಾಳ ಹಾಕುತ್ತಿತ್ತು. ನಾಲ್ಕೂವರೆಗೆ ಒಂಬತ್ತೂ ಮುಗಿದವು. ಯಶ್ವಂತ ಯಂತ್ರವನ್ನು ಎದೆಗವಚಿಕೊಂಡು ಸ್ಟೇಷನ್ನಿಗೆ ಓಡಿದ.

ಈಗ ಆ ಬೀದಿಯ ಮಗ್ಗಗಳೆಲ್ಲ ಹಳೇ ಕಬ್ಬಿಣಕ್ಕೆ ಹೋಗಿವೆ. ಸಂಜೆಯಾದರೆ ದೊಡ್ಡಯ್ಯ ಬರುತ್ತಾನೆ.

“ಆ ಅಮಾಸೆ ಹಾಡಿನ ಸೀಡಿ ಹಾಕು ನಾಚೀ.”

ಕಲೈಸೆಲ್ವಿ ಕಿರುಚತೊಡಗಿದೊಡನೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ.

“ಕೈ ತೆಗಿ ಮಾವಾ,” ಎಂದು ನಾಚಿಯಮ್ಮ ತಿವಿಯುತ್ತಾಳೆ, “ಹಾಡಿನ ಹಿಂದೆ ತರಿ ಓಡ್ತಿದೆ, ಕೇಳು.”