ಗೇರುಬೀಜದ ಗೂಡ್ಸ್

ಅಂಚೆಯವನ ಸೈಕಲ್ಲು ಗದ್ದೆಯಂಚು ದಾಟಿಹೋಯಿತು, ಗಂಟೆಯ ಸದ್ದು ಇನ್ನೂ ಕೇಳುತ್ತಿದೆ, ಲಕೋಟೆಯ ಮೇಲೆ ನನ್ನ ಹೆಸರು, ಪ್ರಫುಲ್ಲಾ, ಕಿರಿಮಂಜೇಶ್ವರ, ಕುಂದಾಪುರ ತಾಲೂಕು, ಬೊಂಬಾಯಿಯಲ್ಲಿ ಹಾಕಿದ್ದು ಒಂಬತ್ತಕ್ಕೆ, ಇಂದು ಹದಿಮೂರು — ಕಾಗದ ಅರ್ಧ ಪುಟ, ನಕ್ಷೆ ಎರಡು ಪುಟ, ಇವರ ಕಾಗದವೆಂದರೆ ಹಾಗೆಯೇ, ಕ್ಷೇಮವೆಂದು ಒಂದು ಸಾಲು, ಮತ್ತೆ ಕೆಲಸದ ಮಾತು, ರೈಲ್ವೆ ಪರೀಕ್ಷೆಯಲ್ಲಿ ಬಿಡಿಸಿದ ನಿಲ್ದಾಣವನ್ನೇ ನೆನಪಿನಿಂದ ಇಳಿಸಿದ್ದೇನೆ, ಫಲಿತಾಂಶಕ್ಕೆ ಎರಡು ತಿಂಗಳಿದೆ, ಅಷ್ಟರೊಳಗೆ ನೀನು ರೈಲು ಗುದ್ದಿಸಿ ನೋಡು. ನೋಡುತ್ತೇನೆ, ಸುಮ್ಮನೆ ಬಿಡುತ್ತೇನೆಯೇ, ಎರಡು ಸಲ ಫೇಲು, ಮೂರನೆಯದೇ ಕೊನೆ, ಪಾಸಾದರೆ ಸಿಗ್ನಲ್ ಇನ್‌ಸ್ಪೆಕ್ಟರ್, ಎರಡು ಕೋಣೆಯ ಕ್ವಾರ್ಟರ್ಸ್, ಇಲ್ಲವಾದರೆ ಬೊಂಬಾಯಿಯ ಆರು ಜನರ ಆ ರೂಮು, ಇವರಿಗೆ ಒಂದು ಚಾಪೆ, ನನಗೆ ವರ್ಷಕ್ಕೊಂದು ತಿಂಗಳ ಗಂಡ, ಮದುವೆಯಾದದ್ದು ಐವತ್ತೈದರಲ್ಲಿ, ಈಗ ಐವತ್ತೊಂಬತ್ತು, ಕೂಡಿಸಿದರೆ ನಾಲ್ಕು ತಿಂಗಳ ಸಂಸಾರ. ಅಂಗಳದಿಂದ ಅತ್ತೆ, ಹೆಣೆ, ಕಾಗ್ದ ಮಂಜಯ್ಯಂದಾ, ಎಂತ ಬರ್ದಿದ. ರೈಲಿನ್ ಚಿತ್ರ ಅತ್ತೆ. ಅದನ್ನ್ ಉಂಬುಕಾತ್ತಾ.

ಜಗಲಿ ಗುಡಿಸಿದೆ, ಶೇಡಿಮಣ್ಣನ್ನು ನೀರಿನಲ್ಲಿ ಕಲಸಿ ಬೆರಳಿನಿಂದ ಬಿಳಿ ಹಳಿ ಎಳೆಯುತ್ತಿದ್ದೇನೆ, ಒಂಟಿ ಹಳಿ ಬಂದು ನಿಲ್ದಾಣದಲ್ಲಿ ಎರಡಾಗಿ ಮತ್ತೆ ಒಂದಾಗುತ್ತದೆ, ಸಿಗ್ನಲ್ಲಿನ ಕೈಮರಕ್ಕೆ ಬೆಂಕಿಕಡ್ಡಿ, ಅಡ್ಡ ಇದ್ದರೆ ನಿಲ್ಲಬೇಕು, ಬಾಗಿದರೆ ಹೋಗಬಹುದು, ರೈಲಿಗೆ ಗೇರುಬೀಜ, ದೊಡ್ಡದು ಎಕ್ಸ್‌ಪ್ರೆಸ್ಸು, ಸುರುಟಿದ್ದು ಗೂಡ್ಸು, ರೈಲನ್ನೇ ಕಾಣದ ನಾನು ಎರಡಕ್ಕೂ ಡ್ರೈವರ್. ಮೇ ತಿಂಗಳ ರಜೆಯಲ್ಲಿ ಇವರು ಕಲಿಸಿದ ಆಟ ಇದು, ನಾನು ಕೈಮರ ನೆಡುತ್ತೇನೆ, ನೀನು ಹೇಗಾದರೂ ಮಾಡಿ ಗುದ್ದಿಸು, ಎರಡು ದಿನ ನನ್ನಿಂದ ಆಗಲಿಲ್ಲ, ಇವರು ಮೀಸೆಯಡಿಯಲ್ಲಿ ನಗುತ್ತಿದ್ದರು, ಮೂರನೆಯ ದಿನ ಕೈಮರದ ಬುಡದಲ್ಲಿ ನಿಂತ ಗೂಡ್ಸನ್ನು ಬೆರಳಿನಿಂದ ಒಂದಿಷ್ಟು ತಳ್ಳಿದೆ, ಅದು ಮುಖ್ಯ ಹಳಿಗೆ ಮೂಗು ಚಾಚಿತು, ಎಕ್ಸ್‌ಪ್ರೆಸ್ಸು ಬಂದು ಬಡಿಯಿತು. ಇವರು, ಅದ್ ಮೋಸ ಮರಾಯ್ತಿ, ಕೈ ಅಡ್ಡ ಇತ್ತಲ್ದಾ, ಡ್ರೈವರ್ ನಿಲ್ಸ್ಕ್. ನಿಲ್ಸಿದ, ರೈಲ್ ನಿತ್ಕಂಡಿಲ್ಲ. ಎಂತಕ್. ಹ್ವಾಯ್, ಹೊಳಿ ಬದಿಯಂಗೆ ಬಸ್ ದಾಟ್ಸು ಜಂಗಲ್ ದೋಣಿಗೆ ಇಳಿವತ್ತಿಗೆ ಬ್ರೇಕ್ ಒತ್ತಿದ್ರೂ ಜಾರತ್ತಲೆ, ಕಂಡಕ್ಟರ್ ಹಾರಿ ಚಕ್ರಕ್ಕೆ ಕಲ್ಲ್ ಕೊಡ್ತ, ನಿಮ್ ರೈಲಿಗೆ ಕಲ್ಲ್ ಕೊಡುದ್ ಯಾರ್. ಇವರು ನಗಲಿಲ್ಲ. ಅಂಗೈಯಿಂದ ಹಳಿಗಳನ್ನೆಲ್ಲ ಒರೆಸಿದರು, ಆ ದಿನ ಗಂಜಿ ತಣ್ಣಗಾಯಿತು, ಹಿಂದಿನ ಎರಡು ಪರೀಕ್ಷೆಯಲ್ಲೂ ಇವರ ನಕ್ಷೆಯ ಡ್ರೈವರುಗಳೆಲ್ಲ ಹೇಳಿದಲ್ಲಿ ನಿಲ್ಲುವವರೇ, ಅಲ್ಲೇ ಪೆಟ್ಟು ಬಿದ್ದದ್ದೆಂದು ನನ್ನೆದುರಿಗೇ ಇವರಿಗೆ ಅರ್ಥವಾಯಿತು, ಉತ್ತರ ಮಾತ್ರ ಸಿಗಲಿಲ್ಲ, ರಜೆ ಮುಗಿಯಿತು, ಬಸ್ಸು ಹತ್ತುವಾಗಲೂ, ಕಲ್ಲ್ ಕೊಡುದ್ ಯಾರ್ ಅಂದ್ಯಲೆ, ಕಾಂಬ — ಅಷ್ಟೇ.

ಈಗ ಈ ಹೊಸ ನಕ್ಷೆಯಲ್ಲಿ ಇದೇನು, ಗೂಡ್ಸು ನಿಲ್ಲುವ ಕೈಮರದಾಚೆ ಹಳಿ ಮತ್ತೆ ಕವಲೊಡೆದಿದೆ, ಒಂದು ಮುಖ್ಯ ಹಳಿಗೆ ಸೇರುತ್ತದೆ, ಇನ್ನೊಂದು ಮೊಂಡು ತುಂಡು, ಎಲ್ಲಿಗೂ ಹೋಗುವುದಿಲ್ಲ, ತುದಿಯಲ್ಲಿ ಚುಕ್ಕಿಗಳು, ಸಣ್ಣ ಅಕ್ಷರದಲ್ಲಿ ಮರಳಿನ ದಿಬ್ಬ ಎಂದಿದೆ, ಮರಳಿಗೆ ರೈಲೇಕೆ, ಇರಲಿ, ಅಂಗಳದಿಂದ ಒಂದು ಚಿಟಿಕೆ ತಂದು ಸುರಿದೆ. ಎರಡನ್ನೂ ಒಟ್ಟಿಗೆ ಒಂದೇ ಹಳಿಗೆ ಬಿಟ್ಟೆ, ನಕ್ಷೆಯಡಿಯ ಬೀಗದ ಪಟ್ಟಿ ನೋಡಿದರೆ ಒಂದರ ಕೈ ಬಾಗಿದಾಗ ಇನ್ನೊಂದಕ್ಕೆ ಬೀಗ, ಆಗಲಿಲ್ಲ. ಗೂಡ್ಸು ಒಳಗೆ ಪೂರ್ತಿ ಬರುವ ಮೊದಲೇ ಎಕ್ಸ್‌ಪ್ರೆಸ್ಸನ್ನು ಕರೆದೆ, ಕೈ ಬಾಗುವುದಿಲ್ಲ. ಇನ್ನು ನನ್ನದು, ಆ ಬೆರಳಿನ ಮೋಸ. ಗೂಡ್ಸು ನಿಂತಿದೆ, ಎಕ್ಸ್‌ಪ್ರೆಸ್ಸಿಗೆ ದಾರಿ ಕೊಡಬೇಕು, ಪಟ್ಟಿಯ ಏಳನೆಯ ಸಾಲು, ಆ ಕವಲು ಮರಳಿನ ಕಡೆಗೆ ತಿರುಗಿ ಬೀಗ ಬಿದ್ದ ಮೇಲೆಯೇ ಎಕ್ಸ್‌ಪ್ರೆಸ್ಸಿನ ಕೈ ಬಾಗತಕ್ಕದ್ದು, ತಿರುಗಿಸಿದೆ, ಬೀಗ ಬಿತ್ತು, ಕೈ ಬಾಗಿತು, ಬೆರಳಿಟ್ಟೆ, ಜಾರಿಸಿದೆ — ಬೀಜ ಮುಖ್ಯ ಹಳಿಗೆ ಹೋಗಲಿಲ್ಲ, ಮೊಂಡು ತುಂಡಿನ ಮೇಲೆ ಸಾಗಿ ಮರಳಿಗೆ ನುಗ್ಗಿ ನಿಂತಿತು, ಎಕ್ಸ್‌ಪ್ರೆಸ್ಸು ಪಕ್ಕದಲ್ಲೇ ಹಾದುಹೋಯಿತು. ಇನ್ನೊಮ್ಮೆ, ಜೋರಾಗಿ. ಮರಳು. ಆಚೆ ಕಡೆಯಿಂದ, ಅಲ್ಲಿಯೂ ಒಂದು ಮೊಂಡು ತುಂಡಿದೆ, ಮರಳು. ಇವರು ಚಕ್ರಕ್ಕೆ ಕಲ್ಲು ಕೊಟ್ಟಿದ್ದಾರೆ, ಬೊಂಬಾಯಿಯ ಆ ಪರೀಕ್ಷೆಯ ಕೋಣೆಯಲ್ಲಿ ಮೂರು ಗಂಟೆ ಕೂತು ನನ್ನ ಬೆರಳಿಗೇ ಉತ್ತರ ಬಿಡಿಸಿದ್ದಾರೆ, ಸೋತದ್ದಕ್ಕೆ ಇಷ್ಟು ಖುಷಿಯಾದದ್ದು ಇದೇ ಮೊದಲು. ಅತ್ತೆ, ಇವ್ರ್ ಪಾಸಾದ್ರ್. ತಾರ್ ಬಂತಾ. ಇಲ್ಲ, ನಾನೇ ಪಾಸ್ ಮಾಡ್ದೆ. ಹಾಂಗಾರೆ ಬೊಂಬಾಯಿಗ್ ಹೋಪುಕೆ ಟ್ರಂಕ್ ತೆಗಿ, ಅತ್ತೆ ನಗುತ್ತಾರೆ, ಅವರಿಗೆ ತಮಾಷೆ, ಅಟ್ಟದ ಮೇಲಿದೆ ಟ್ರಂಕು, ತೆಗೆಯುತ್ತೇನೆ, ನಿಜವಾಗಿಯೂ ತೆಗೆಯುತ್ತೇನೆ, ಎರಡು ಕೋಣೆಗೆ ಎಷ್ಟು ಪಾತ್ರೆ ಬೇಕು, ಇಲ್ಲ, ಮೊದಲು ಇನ್ನೊಮ್ಮೆ ತಳ್ಳುತ್ತೇನೆ, ಕೊನೆಯದು, ಬೆರಳು, ಕೈಮರ, ಕವಲು, ಮರಳಿನಲ್ಲಿ ಮೂಗು ಹುಗಿದು ನಿಂತ ಬೀಜ — ಸರಿ, ಇನ್ನು ಅಟ್ಟ ಹತ್ತುತ್ತೇನೆ.