ಹೂಟ ಮಾಡ್ಕೊಂಡು ಹೋಗು

ಗಿರಿಧರನ ಮೂರನೇ ಸಿನಿಮಾ ಒಂದೇ ಒಂದು ಹಕಾರಕ್ಕೆ ಸಿಕ್ಕಿ ನಿಂತುಬಿಟ್ಟಿತು. ಹೊಳೆನರಸೀಪುರದ ಈ ಮಹಾರಾಯ ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಹದಿಮೂರು ವರ್ಷವಾಗಿತ್ತು. ನಮ್ಮ ಕಡೆ ಜನ ಪರದೆ ಮೇಲೂ ನಮ್ಮ ಕಡೆ ಥರಾನೇ ಮಾತಾಡಬೇಕು ಅಂತ ಹಟ ಹಿಡಿದು ಎರಡು ಸಿನಿಮಾ ತೆಗೆದ. ಎರಡೂ ಮಕಾಡೆ ಮಲಗಿದವು. ಬುದ್ಧಿ ಬಂತೇ? ಎಲ್ಲಿಂದ ಬರಬೇಕು. 2003ರಲ್ಲಿ ಹಾಸನದ ಹತ್ತಿರದ ದುದ್ದ ಅನ್ನೋ ಊರಿಗೆ ಹೋಗಿ, ಡೈರಿ ಮುಂದೆ ಹಾಲು ಹಾಕಲು ನಿಂತಿದ್ದ ಲಕ್ಕಮ್ಮನನ್ನೇ ತಾಯಿಯ ಪಾತ್ರಕ್ಕೆ ಒಪ್ಪಿಸಿದ.

ಶೂಟಿಂಗಿನಲ್ಲಿ ಆಕೆ, ಮುನಿಸಿಕೊಂಡು ಹೊರಟ ಮಗನಿಗೆ, "ಊಟ ಮಾಡ್ಕಂಡ್ ಓಗ್ಲಾ ಮಗ" ಅಂದಾಗ ಲೈಟ್ ಹಿಡಿದವರ ಕಣ್ಣೂ ಒದ್ದೆಯಾಗಿತ್ತು. ಆದರೆ ಬಸ್ಸು, ಕೋಳಿ, ಹಾಲಿನ ಕ್ಯಾನು ಎಲ್ಲದರ ಸದ್ದೂ ಸೇರಿಕೊಂಡಿತ್ತು. ಹಾಗಾಗಿ ಸ್ಟುಡಿಯೋದಲ್ಲಿ ಮಾತನ್ನು ಮತ್ತೆ ಹೇಳಿಸಬೇಕಾಯಿತು. ಅಲ್ಲಿ ಗಿರಿಧರ, ಯಾವ ಗ್ರಹಚಾರಕ್ಕೋ, "ಸ್ವಲ್ಪ ನೀಟಾಗಿ ಹೇಳಿ ಲಕ್ಕಮ್ಮ" ಅಂದುಬಿಟ್ಟ. ಪಾಪ, ಆಕೆ ಇರೋ ಬರೋ ಮಾತಿಗೆಲ್ಲ ಹಕಾರ ಹಚ್ಚಿದಳು: "ಹೂಟ ಮಾಡ್ಕೊಂಡು ಹೋಗು ಮಗ." ಎಷ್ಟು ಸಲ ಹೇಳಿಸಿದರೂ ಹೂಟವೇ.

ಹಾಸನದ ನಿರ್ಮಾಪಕ ದೇವರಾಜು ಅದನ್ನು ಕೇಳಿ ಉರಿದುಬಿದ್ದ. "ಜನ ಬಿದ್ದುಬಿದ್ದು ನಗ್ತಾರೆ ಕಣಯ್ಯ. ಬೆಂಗಳೂರಿನ ಯಾರಾದ್ರೂ ಕಲಾವಿದೆ ಕೈಲಿ ಡಬ್ ಮಾಡ್ಸು. ಇಲ್ದಿದ್ರೆ ರಿಲೀಸ್ ಇಲ್ಲ."

ಗಿರಿಧರ ಮನೆಗೆ ಬಂದು ಹೆಂಡತಿ ಮೈತ್ರೇಯಿಯ ಮುಂದೆ ಗೋಳಾಡಿದ. ಆಕೆ ಹೈಸ್ಕೂಲಿನಲ್ಲಿ ಕನ್ನಡ ಟೀಚರು; ಇಷ್ಟು ವರ್ಷ ಸಂಸಾರ ತೂಗಿಸಿದವಳೂ ಅವಳೇ.

"ನಾನು ಮಕ್ಕಳಿಗೆ ಹಕಾರ ತಿದ್ದೋದು ಸಂಬಳಕ್ಕೆ," ಅಂದಳು. "ನಿಮಗೇನು ಬಂದಿತ್ತು ರೀ?"

ಕೆನ್ನೆಗೆ ಬಾರಿಸಿದ ಹಾಗಾಯಿತು. ಹದಿಮೂರು ವರ್ಷ ಯಾವುದಕ್ಕಾಗಿ ಬಡಿದಾಡಿದ್ದನೋ ಅದನ್ನು ತಾನೇ ಕೆಡಿಸಿದ್ದ. ಇವನೊಳಗೂ ಒಬ್ಬ ಮೇಷ್ಟ್ರು ಬೆತ್ತ ಹಿಡಿದು ಕೂತಿದ್ದ. ನಾಚಿಕೆಯಿಂದ ಸತ್ತೇಹೋದ.

ಇನ್ನೊಂದು ಸಲ ಮೊದಲಿನ ಹಾಗೇ ಹೇಳಿಸೋಣ ಅಂತ ಮರುದಿನ ದುದ್ದಕ್ಕೆ ಹೋದ. ದೇವರಾಜುವಿನ ಕಡೆಯವರು ಆಡಿಕೊಂಡು ನಕ್ಕಿದ್ದು ಆಗಲೇ ಲಕ್ಕಮ್ಮನ ಕಿವಿಗೆ ಬಿದ್ದಿತ್ತು. "ನೀವ್ ಏಳ್ದಂಗೇ ಏಳಿದ್ನಲ್ಲ ಸಾ" ಅಂದವಳು, ತಕ್ಷಣ "ಹೇಳಿದ್ನಲ್ಲ" ಅಂತ ತಿದ್ದಿಕೊಂಡಳು. ಆಮೇಲೆ ತಟ್ಟೆಗೆ ಮುದ್ದೆ ಹಾಕಿ ಸಾರು ಬಿಟ್ಟಳು. ಊಟಕ್ಕೆ ಬನ್ನಿ ಅನ್ನಲಿಲ್ಲ, ಕೈಸನ್ನೆ ಮಾಡಿದಳು.

ಇನ್ನು ಆಕೆಯ ಬಾಯಲ್ಲಿ ಮೊದಲಿನ ಮಾತು ಹೊರಡೋದಿಲ್ಲ ಅಂತ ಗೊತ್ತಾಗಿ, ಊಟ ಮುಗಿಸಿದ ಗಿರಿಧರ ಎಸ್‌ಟಿಡಿ ಬೂತಿನಿಂದ ದೇವರಾಜುವಿಗೆ ಫೋನ್ ಮಾಡಿದ.

"ಡಬ್ಬಿಂಗ್ ಕಿತ್ತುಹಾಕ್ತೀನಿ. ಶೂಟಿಂಗ್ ದಿನ ಅವರು ಆಡಿದ್ದೇ ಇರುತ್ತೆ."

"ಬಸ್ಸಿನ ಆರನ್ ಕೇಳ್ಸುತ್ತಲ್ಲಯ್ಯ."

"ಕೇಳಿಸಲಿ. ದುದ್ದದಲ್ಲಿ ಬಸ್ ಓಡಾಡ್ತವೆ."

"ಅಂಗಾದ್ರೆ ನಾನ್ ರಿಲೀಸ್ ಮಾಡಲ್ಲ. ನಿನ್ ಕಥೆ ಇಲ್ಲಿಗೆ ಮುಗೀತು ತಿಳ್ಕೊ."

"ಮುಗೀಲಿ ದೇವರಾಜಣ್ಣ. ಒಂದು ಪ್ರಿಂಟ್ ಕೊಡಿ ಸಾಕು. ಅರಕಲಗೂಡು, ಚನ್ನರಾಯಪಟ್ಟಣ ಅಂತ ಊರೂರಲ್ಲಿ ನಾನೇ ಪರದೆ ಕಟ್ತೀನಿ. ಮೊದಲನೇ ಪರದೆ ಲಕ್ಕಮ್ಮನ ಮನೆ ಮುಂದೆ. ಅವರ ಮಾತನ್ನ ಅವರು ಮೊದಲು ಕೇಳಿಸ್ಕೊಳ್ಳಲಿ. ಮಿಕ್ಕವರು ಆಮೇಲೆ."